ಹಣ ಗಡಿ ದಾಟಿತು, ಮತ ದಾಟಲಿಲ್ಲ

2015ನೆಯ ಇಸವಿಯ ಜುಲೈ 5ರಂದು ಗ್ರೀಸ್ ದೇಶದ ಜನ ಮತಗಟ್ಟೆಗೆ ಹೋದರು. ಸಾಲ ಕೊಟ್ಟವರು ಹೇರುವ ಷರತ್ತುಗಳನ್ನು ಒಪ್ಪಬೇಕೆ, ಬೇಡವೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ನೂರಕ್ಕೆ 61 ಮಂದಿ 'ಬೇಡ' ಎಂದರು. ಆ ಹೊತ್ತಿಗೆ ಆ ದೇಶದ ಬ್ಯಾಂಕುಗಳು ಬಾಗಿಲು ಹಾಕಿದ್ದವು. ಜನ ತಾವು ದುಡಿದು ಇಟ್ಟ ಹಣದಲ್ಲಿ ದಿನಕ್ಕೆ 60 ಯೂರೋಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಇಷ್ಟು ಇಕ್ಕಟ್ಟಿನಲ್ಲಿದ್ದೂ ಅವರು 'ಬೇಡ' ಎಂದರು.

ಏಳು ದಿನ ಕಳೆಯಿತು. ಜುಲೈ 12ರ ಸಂಜೆ ಬ್ರಸೆಲ್ಸ್ ನಗರದಲ್ಲಿ ಯೂರೋ ನಾಣ್ಯದ ದೇಶಗಳ ಮುಖಂಡರು ಬಾಗಿಲು ಮುಚ್ಚಿಕೊಂಡು ಕೂತರು. ಸುಮಾರು 17 ಗಂಟೆ ಮಾತು ನಡೆಯಿತು. ಬೆಳಗಾದಾಗ ಗ್ರೀಸಿನ ಪ್ರಧಾನಿ ಸಿಪ್ರಾಸ್ ಷರತ್ತುಗಳಿಗೆ ತಲೆಬಾಗಿ ಹೊರಗೆ ಬಂದರು. ಪಿಂಚಣಿಗೆ ಕತ್ತರಿ ಬಿತ್ತು. ಸರ್ಕಾರದ ಆಸ್ತಿಗಳನ್ನು ಮಾರಿ 5,000 ಕೋಟಿ ಯೂರೋ ಎತ್ತುವ ನಿಧಿಯೊಂದನ್ನು ಸ್ಥಾಪಿಸಬೇಕಾಯಿತು. ಊಟದ ಹೋಟೆಲುಗಳ ಮೇಲಿನ ತೆರಿಗೆ ನೂರಕ್ಕೆ 13ರಿಂದ 23ಕ್ಕೆ ಏರಿತು. ಜನ ಹಾಕಿದ ಮತ ಎಲ್ಲಿ ಹೋಯಿತು? ಬ್ರಸೆಲ್ಸಿನ ಆ ಕೋಣೆಯೊಳಕ್ಕೆ ಅದಕ್ಕೆ ಪ್ರವೇಶವಿರಲಿಲ್ಲ.

ಆ ವಾರವೇ ಜರ್ಮನಿಯ ಒಬ್ಬ ವೃದ್ಧರು ತಮ್ಮ ಸರ್ಕಾರವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಅರ್ಧ ಶತಮಾನದ ಶ್ರಮದಿಂದ ಹೊಸ ಜರ್ಮನಿ ಗಳಿಸಿದ್ದ ಒಳ್ಳೆಯ ಹೆಸರನ್ನು ಒಂದೇ ರಾತ್ರಿಯಲ್ಲಿ ಜೂಜಾಡಿ ಕಳೆಯಲಾಯಿತು ಎಂಬ ಅರ್ಥದ ಮಾತನ್ನು ಅವರು ಆಡಿದರು. ಅವರಿಗೆ ಆಗ 86 ವರ್ಷ. ಹೆಸರು ಯೂರ್ಗೆನ್ ಹಾಬರ್ಮಾಸ್. ಕಸುಬು ತತ್ತ್ವಶಾಸ್ತ್ರ.

ತತ್ತ್ವಜ್ಞಾನಿಯೊಬ್ಬರ ವಿಚಾರ ಗಿರಣಿಯ ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಬಾಗಿಲು ಎಳೆದು ಲೆಕ್ಕ ಬರೆಯುವವರಿಗೆ ಏಕೆ ಬೇಕು ಎಂದು ನಮ್ಮ ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಉತ್ತರ ಇಷ್ಟು: ದುಡಿಯುವವನ ಕೂಲಿ, ಮಾರುವವನ ತೆರಿಗೆ, ಮುದುಕರ ಪಿಂಚಣಿ ಇವುಗಳ ನಿರ್ಣಯ ಎಲ್ಲಿ ಆಗುತ್ತದೆ, ಆಗುವ ಜಾಗದಲ್ಲಿ ನಮ್ಮ ಮಾತಿಗೆ ಬೆಲೆ ಇದೆಯೆ ಎಂಬ ಒಂದೇ ಪ್ರಶ್ನೆಯನ್ನು ಈ ಮನುಷ್ಯ ಜೀವಮಾನವಿಡೀ ಕೇಳಿದರು. ಅವರು ಹೇಳಿದ್ದೆಲ್ಲವನ್ನೂ ನಾವು ಒಪ್ಪುವವರಲ್ಲ. ಆದರೆ ಅವರ ಪ್ರಶ್ನೆಯನ್ನು ಬಿಟ್ಟುಕೊಡುವವರೂ ಅಲ್ಲ.

ಹಾಬರ್ಮಾಸರು ಹುಟ್ಟಿದ್ದು 1929ರ ಜೂನ್ 18ರಂದು, ಡ್ಯುಸೆಲ್ಡಾರ್ಫ್ ನಗರದಲ್ಲಿ. ಬೆಳೆದದ್ದು ಗುಮ್ಮರ್ಸ್‌ಬಾಖ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ವರ್ತಕರ ಮಂಡಲಿಯ ಅಧಿಕಾರಿ, ನಾಜಿ ಪಕ್ಷದ ಸದಸ್ಯ. ಹುಡುಗನಿಗೆ ಹುಟ್ಟಿನಿಂದಲೇ ಅಂಗಳು ಸೀಳಿತ್ತು. ಶಸ್ತ್ರಚಿಕಿತ್ಸೆಗಳಾದರೂ ಮಾತು ಮೂಗಿನಲ್ಲೇ ಉಳಿಯಿತು. ಶಾಲೆಯಲ್ಲಿ ಮಕ್ಕಳು ಆಡಿಕೊಂಡರು. 2004ರಲ್ಲಿ ಜಪಾನಿನಲ್ಲಿ ಕ್ಯೋಟೋ ಪ್ರಶಸ್ತಿ ಸ್ವೀಕರಿಸುವಾಗ ಅವರು ಈ ಸಂಗತಿಯನ್ನು ನೆನೆದರು. ತನ್ನ ಮಾತು ಎದುರಿನವನಿಗೆ ತಿಳಿಯಲಿಲ್ಲ ಎಂಬ ಕಷ್ಟವನ್ನು ಉಂಡವನಿಗೇ ಮಾತಿನ ಬೆಲೆ ಗೊತ್ತು. ಅವರ ಶಾಸ್ತ್ರದ ಬೇರು ಅಲ್ಲಿದೆ.

ಅಂದಿನ ಜರ್ಮನಿಯ ಬಹುಪಾಲು ಹುಡುಗರಂತೆ ಅವರೂ ಹಿಟ್ಲರನ ಯುವದಳದಲ್ಲಿದ್ದರು. 1945ರಲ್ಲಿ ಯುದ್ಧ ಮುಗಿದಾಗ ಇನ್ನೂ 16 ತುಂಬಿರಲಿಲ್ಲ. ನ್ಯೂರೆಂಬರ್ಗ್ ವಿಚಾರಣೆಯ ವರದಿಗಳನ್ನು ರೇಡಿಯೋದಲ್ಲಿ ಕೇಳಿದಾಗ, ಸೆರೆಶಿಬಿರಗಳ ಚಿತ್ರಗಳನ್ನು ಕಂಡಾಗ, ತಾವು ಬೆಳೆದದ್ದು ಎಂಥ ಪಾತಕಿಗಳ ಆಳ್ವಿಕೆಯಲ್ಲಿ ಎಂಬುದು ಆ ಹುಡುಗನಿಗೆ ಅರಿವಾಯಿತು. ಊರ ದೊಡ್ಡವರು, ಉಪಾಧ್ಯಾಯರು, ವಕೀಲರು, ಪಂಡಿತರು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು ಅಥವಾ ಜೈಕಾರ ಹಾಕಿದ್ದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಅನೇಕರು ಏನೂ ಆಗಿಲ್ಲವೆಂಬಂತೆ ಅದೇ ಕುರ್ಚಿಗಳಲ್ಲಿ ಕೂತರು.

ಇದನ್ನು ಅವರು ಸಹಿಸಲಿಲ್ಲ. ಜರ್ಮನಿಯ ಮಹಾ ತತ್ತ್ವಜ್ಞಾನಿ ಎನಿಸಿದ್ದ ಹೈಡೆಗರ್, ತಾನು 1935ರಲ್ಲಿ ಮಾಡಿದ ಉಪನ್ಯಾಸಗಳನ್ನು 1953ರಲ್ಲಿ ಅಚ್ಚು ಹಾಕಿಸಿದಾಗ ನಾಜಿ ಚಳವಳಿಯನ್ನು ಹೊಗಳಿದ ಮಾತನ್ನು ಹಾಗೆಯೇ ಉಳಿಸಿದ್ದರು. ಪಶ್ಚಾತ್ತಾಪದ ಒಂದು ಸಾಲನ್ನೂ ಸೇರಿಸಿರಲಿಲ್ಲ. 24 ವರ್ಷದ ಹಾಬರ್ಮಾಸರು ಫ್ರಾಂಕ್‌ಫರ್ಟಿನ ದಿನಪತ್ರಿಕೆಯಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದರು. ಇನ್ನೂ ಡಾಕ್ಟರೇಟ್ ಪದವಿ ಕೈಗೆ ಬಂದಿರಲಿಲ್ಲ; ಅದು ಸಿಕ್ಕಿದ್ದು ಮರುವರ್ಷ, ಬಾನ್ ವಿಶ್ವವಿದ್ಯಾಲಯದಲ್ಲಿ.

1956ರಲ್ಲಿ ಅವರು ಫ್ರಾಂಕ್‌ಫರ್ಟಿನಲ್ಲಿ ಅಡೋರ್ನೋರವರ ಸಹಾಯಕರಾದರು. ಅಲ್ಲಿನ ಸಂಸ್ಥೆಯ ಮುಖ್ಯಸ್ಥ ಹೋರ್ಕ್‌ಹೈಮರರಿಗೆ ಈ ಯುವಕ ಅತಿಯಾದ ಎಡಪಂಥೀಯನಾಗಿ ಕಂಡ. ಹಾಬರ್ಮಾಸರು ಅಲ್ಲಿಂದ ಹೊರಬಿದ್ದರು. ಆಗ ಆಶ್ರಯವಿತ್ತವರು ಮಾರ್ಬುರ್ಗಿನ ಪ್ರಾಧ್ಯಾಪಕ ವೋಲ್ಫ್‌ಗಾಂಗ್ ಆಬೆನ್‌ಡ್ರೋಟ್. ಇವರು ಕೇವಲ ಪುಸ್ತಕದ ಸಮಾಜವಾದಿಯಲ್ಲ; ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ ಸೆರೆಮನೆ ಕಂಡವರು. ದೊಡ್ಡ ಸಂಸ್ಥೆಗಳು ಬಾಗಿಲು ಮುಚ್ಚಿದಾಗ ತೆರೆದದ್ದು ಜೈಲು ಕಂಡ ಸಮಾಜವಾದಿಯ ಬಾಗಿಲು ಎಂಬುದನ್ನು ನಾವು ನೆನಪಿಡತಕ್ಕದ್ದು.

1962ರಲ್ಲಿ ಪ್ರಕಟವಾದ ಅವರ ಪುಸ್ತಕ ಸಾರ್ವಜನಿಕ ವಲಯವನ್ನು ಕುರಿತದ್ದು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು ಕಾಲದಲ್ಲಿ ರಾಜ್ಯದ ವಿಷಯ ಅರಮನೆಯ ಗುಟ್ಟಾಗಿತ್ತು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಲಂಡನ್ನಿನ ಕಾಫಿ ಅಂಗಡಿಗಳಲ್ಲಿ ವರ್ತಕರು, ಬರಹಗಾರರು, ವಕೀಲರು ಸೇರಿ ಪತ್ರಿಕೆ ಓದಿ ವಾದ ಮಾಡತೊಡಗಿದರು. ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಹೇಳಿದವನ ಪದವಿಯಲ್ಲ, ಹೇಳಿದ ಮಾತಿನ ತೂಕ. ಹೀಗೆ ರೂಪುಗೊಂಡ ಸಾರ್ವಜನಿಕ ಅಭಿಪ್ರಾಯ ಪ್ರಭುತ್ವವನ್ನು ಜವಾಬು ಕೇಳುವ ಶಕ್ತಿಯಾಯಿತು. ಆದರೆ ಕಾಲ ಸರಿದಂತೆ ಪತ್ರಿಕೆ ದೊಡ್ಡ ಬಂಡವಾಳದ ಸೊತ್ತಾಯಿತು, ರಾಜಕೀಯ ಜಾಹೀರಾತಾಯಿತು, ವಾದ ಮಾಡುತ್ತಿದ್ದ ಪ್ರಜೆ ಬರಿಯ ಗಿರಾಕಿಯಾದ.

ಇದು ಒಳ್ಳೆಯ ಪುಸ್ತಕ, ಆದರೆ ಅರ್ಧ ಕತೆ. ಆ ಕಾಫಿ ಅಂಗಡಿಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ನೇಯ್ಗೆಯವನಿಗೂ ಇರಲಿಲ್ಲ. 1792ರಲ್ಲಿ ಥಾಮಸ್ ಹಾರ್ಡಿ ಎಂಬ ಚಪ್ಪಲಿ ಹೊಲಿಯುವವನು ಅದೇ ಲಂಡನ್ನಿನಲ್ಲಿ ಕಸುಬಿನವರ ಸಂಘವೊಂದನ್ನು ಕಟ್ಟಿದ. ವಾರಕ್ಕೆ ಒಂದು ಪೆನ್ನಿ ವಂತಿಗೆ. ಬೇಡಿಕೆ: ಎಲ್ಲ ಗಂಡಸರಿಗೂ ಮತ. ಸರ್ಕಾರ ಅವನ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿತು. ಪಂಚರು ನಿರ್ದೋಷಿ ಎಂದು ಬಿಡುಗಡೆ ಮಾಡಿದರು. ವರ್ತಕ ಮಾತನಾಡಿದರೆ ಸಾರ್ವಜನಿಕ ಅಭಿಪ್ರಾಯ, ಚಮ್ಮಾರ ಮಾತನಾಡಿದರೆ ರಾಜದ್ರೋಹ! ಹಾಬರ್ಮಾಸರ ಸಹಾಯಕರೇ ಆಗಿದ್ದ ಆಸ್ಕರ್ ನೆಗ್ಟ್, ಅಲೆಕ್ಸಾಂಡರ್ ಕ್ಲೂಗೆ ಜೊತೆ ಸೇರಿ 1972ರಲ್ಲಿ ಬರೆದ ಪುಸ್ತಕದಲ್ಲಿ ಕಾರ್ಮಿಕರ ಸಾರ್ವಜನಿಕ ವಲಯ ಬೇರೆಯೇ ಉಂಟು ಎಂದು ತೋರಿಸಿದರು. ಮುಂದೆ ಹಾಬರ್ಮಾಸರೂ ಈ ಟೀಕೆಯಲ್ಲಿ ಹುರುಳಿದೆಯೆಂದು ಒಪ್ಪಿದರು. ತಪ್ಪನ್ನು ಒಪ್ಪುವ ಪಂಡಿತರು ಕಡಮೆ. ಅದನ್ನು ಅವರ ಹೆಸರಿಗೆ ಜಮಾ ಹಾಕೋಣ.

ಇನ್ನೊಂದು ತಪ್ಪನ್ನೂ ಹೇಳಲೇಬೇಕು. 1967ರ ಜೂನ್ 2ರಂದು ಬರ್ಲಿನ್ನಿನಲ್ಲಿ ಪ್ರದರ್ಶನಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬನನ್ನು ಪೋಲೀಸರು ಗುಂಡಿಟ್ಟು ಕೊಂದರು. ಕೆಲವೇ ದಿನಗಳ ನಂತರ ಹ್ಯಾನೋವರಿನ ಸಭೆಯಲ್ಲಿ ಹಾಬರ್ಮಾಸರು ವಿದ್ಯಾರ್ಥಿ ನಾಯಕ ಡುಟ್ಶ್ಕೆಯ ಮಾರ್ಗ 'ಎಡ ಫ್ಯಾಸಿಸಂ'ಗೆ ಒಯ್ಯಬಹುದು ಎಂದರು. ಸತ್ತವನ ಕಡೆಯವರ ಮೇಲೆ ಅಂಥ ಮಾತನ್ನು ಎಸೆಯುವ ಗಳಿಗೆ ಅದಾಗಿರಲಿಲ್ಲ. ಆ ಮಾತು ತಪ್ಪಾಯಿತೆಂದು ಮುಂದೆ ಅವರೇ ಹೇಳಿಕೊಂಡರು.

1981ರಲ್ಲಿ ಬಂದ ಅವರ ದೊಡ್ಡ ಗ್ರಂಥ ಸಂವಾದವನ್ನು ಕುರಿತದ್ದು. ಎರಡು ಸಂಪುಟಗಳ ಆ ಕಠಿಣ ಪುಸ್ತಕದಲ್ಲಿ ನಮಗೆ ಬೇಕಾದ ಒಂದು ವಿಚಾರ ಇದು: ಮನೆ, ನೆರೆಹೊರೆ, ಶಾಲೆ, ಸಂಘ ಇವು ಮನುಷ್ಯರು ಒಬ್ಬರಿಗೊಬ್ಬರು ಮಾತನಾಡಿ, ಒಪ್ಪಿಸಿ ನಡೆಸುವ ಬಾಳು. ಮಾರುಕಟ್ಟೆಯೂ ಸರ್ಕಾರಿ ಕಚೇರಿಯೂ ಮಾತಿನಿಂದಲ್ಲ, ಹಣದಿಂದ ಮತ್ತು ಹುಕುಮಿನಿಂದ ನಡೆಯುತ್ತವೆ. ಈ ಎರಡನೆಯದು ಮೊದಲನೆಯದರ ಮೇಲೆ ದಂಡೆತ್ತಿ ಬಂದು ಅದನ್ನು ತನ್ನ ವಸಾಹತು ಮಾಡಿಕೊಳ್ಳುತ್ತದೆ ಎಂದು ಅವರು ಹೇಳಿದರು. ವಸಾಹತು ಎಂಬ ಮಾತಿನ ಅರ್ಥವನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1986ರಲ್ಲಿ ಜರ್ಮನಿಯ ಕೆಲವು ಇತಿಹಾಸಕಾರರು ಹಿಟ್ಲರನ ಪಾತಕಗಳನ್ನು ಬೇರೆಯವರ ಪಾತಕಗಳ ಪಕ್ಕದಲ್ಲಿಟ್ಟು ಹಗುರ ಮಾಡಲು ಹೊರಟರು. ಹಾಬರ್ಮಾಸರು ಎದ್ದು ನಿಂತು ಅಡ್ಡಗಟ್ಟಿದರು. ದೇಶಾಭಿಮಾನ ಬೇಕಾದರೆ ಅದು ರಕ್ತದ ಮೇಲಲ್ಲ, ಎಲ್ಲರಿಗೂ ಸಮಾನ ಹಕ್ಕು ಕೊಡುವ ಸಂವಿಧಾನದ ಮೇಲೆ ನಿಲ್ಲಬೇಕು ಎಂದರು. 1990ರಲ್ಲಿ ಎರಡು ಜರ್ಮನಿಗಳು ಒಂದಾದಾಗಲೂ ಇದೇ ಹಟ. ಪೂರ್ವದ ಜನರೊಡನೆ ಕೂತು ಹೊಸ ಸಂವಿಧಾನ ಬರೆದು ಅದಕ್ಕೆ ಜನರ ಮತ ಪಡೆಯಿರಿ ಎಂದರು. ಸರ್ಕಾರ ಕೇಳಲಿಲ್ಲ. ಪಶ್ಚಿಮದ ಕಾನೂನು, ಪಶ್ಚಿಮದ ನಾಣ್ಯ ಪೂರ್ವಕ್ಕೆ ಹಾಗೆಯೇ ಹರಡಿತು. ಸುಮಾರು 8,500 ಸರ್ಕಾರಿ ಉದ್ಯಮಗಳು, ಅವುಗಳಲ್ಲಿ ದುಡಿಯುತ್ತಿದ್ದ ಸುಮಾರು 40 ಲಕ್ಷ ಕೆಲಸಗಾರರು ಟ್ರಾಯ್‌ಹಾಂಡ್ ಎಂಬ ಒಂದು ಸಂಸ್ಥೆಯ ಕೈಗೆ ಬಿದ್ದರು. ಅದು ಮಾರಿದ್ದನ್ನು ಮಾರಿತು, ಮುಚ್ಚಿದ್ದನ್ನು ಮುಚ್ಚಿತು. ಕೆಲಸ ಕಳೆದುಕೊಂಡವರನ್ನು ಕೇಳಿದವರು ಯಾರು?

ಈ ಅನುಭವಗಳ ಗಂಟು ಹೊತ್ತು ಹಾಬರ್ಮಾಸರು ಯೂರೋಪಿನ ಪ್ರಶ್ನೆಗೆ ಬಂದರು. ಅವರ ವಾದ ನೇರವಾಗಿದೆ. ಬಂಡವಾಳ ಗಡಿ ದಾಟಿದೆ. ಒಂದು ದೇಶದಲ್ಲಿ ತೆರಿಗೆ ಹೆಚ್ಚಾದರೆ ಧಣಿ ಇನ್ನೊಂದು ದೇಶಕ್ಕೆ ಹೋಗುತ್ತಾನೆ. ಕೂಲಿ ಏರಿಸೆಂದರೆ ಕಾರ್ಖಾನೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ಒಂದೊಂದೇ ದೇಶದ ಪಾರ್ಲಿಮೆಂಟು ಅವನನ್ನು ಹಿಡಿಯಲಾರದು. ಆದುದರಿಂದ ಪ್ರಜಾಪ್ರಭುತ್ವವೂ ಗಡಿ ದಾಟಬೇಕು.

ಯೂರೋಪಿನ ಒಕ್ಕೂಟ ಈ ಕೆಲಸ ಮಾಡಿತೆ? ನಾಣ್ಯವನ್ನು ಒಂದು ಮಾಡಿತು. 1999ರಲ್ಲಿ ಯೂರೋ ಲೆಕ್ಕದ ಪುಸ್ತಕಕ್ಕೆ ಬಂತು, 2002ರಲ್ಲಿ ಜನರ ಜೇಬಿಗೆ ಬಂತು. ಅದನ್ನು ಆಳುವ ಕೇಂದ್ರ ಬ್ಯಾಂಕು ಕೂತಿರುವುದು ಹಾಬರ್ಮಾಸರು ಪಾಠ ಹೇಳಿದ ಫ್ರಾಂಕ್‌ಫರ್ಟ್ ಊರಿನಲ್ಲೇ. ಆದರೆ ಆ ನಾಣ್ಯಕ್ಕೆ ತಕ್ಕ ಜನರ ಸರ್ಕಾರವಿಲ್ಲ. 1979ರಿಂದ ಜನ ನೇರವಾಗಿ ಆರಿಸುವ ಯೂರೋಪಿನ ಪಾರ್ಲಿಮೆಂಟು ಉಂಟು. ಆದರೆ ಮಸೂದೆ ಮಂಡಿಸುವ ಅಧಿಕಾರ ಅದಕ್ಕಿಲ್ಲ, ಅದು ಕಮಿಷನ್ನಿನ ಕೈಯಲ್ಲಿದೆ. 1979ರಲ್ಲಿ ನೂರಕ್ಕೆ 62 ಜನ ಮತ ಹಾಕಿದ್ದರು. 2014ರಲ್ಲಿ ಹಾಕಿದವರು 43ಕ್ಕೂ ಕಡಮೆ. ಹಲ್ಲಿಲ್ಲದ ಸಭೆಗೆ ಮತ ಹಾಕಲು ಯಾರು ಸಾಲು ನಿಲ್ಲುತ್ತಾರೆ?

2011ರಲ್ಲಿ ಬರೆದ ಪುಸ್ತಕದಲ್ಲಿ ಹಾಬರ್ಮಾಸರು ಇದಕ್ಕೆ ಹೆಸರಿಟ್ಟರು: ಪ್ರಜಾಪ್ರಭುತ್ವವನ್ನು ದಾಟಿಹೋದ ಕಾರ್ಯಾಂಗದ ಒಕ್ಕೂಟ. ಅಂದರೆ, ಸರ್ಕಾರದ ಮುಖ್ಯಸ್ಥರು ಕೋಣೆಯೊಳಗೆ ತೀರ್ಮಾನಿಸುತ್ತಾರೆ. ಆಯಾ ದೇಶದ ಪಾರ್ಲಿಮೆಂಟುಗಳು ಹೊರಗೆ ಅಂಗೈಗೆ ಮುದ್ರೆ ಒತ್ತಿಸಿಕೊಳ್ಳುತ್ತವೆ. ಅವರು ಸೂಚಿಸಿದ ಪರಿಹಾರ: ಪ್ರತಿಯೊಬ್ಬನೂ ಎರಡು ಪಾತ್ರಗಳಲ್ಲಿ ಪ್ರಜೆ. ಗ್ರೀಸಿನವನು ಗ್ರೀಸಿನ ಪ್ರಜೆಯೂ ಹೌದು, ಯೂರೋಪಿನ ಪ್ರಜೆಯೂ ಹೌದು. ಎರಡು ಪಾತ್ರಗಳಿಗೂ ಸಮಾನ ತೂಕವಿರಬೇಕು. ಜನರ ಪಾರ್ಲಿಮೆಂಟಿಗೂ ದೇಶಗಳ ಮಂಡಲಿಗೂ ಸಮಾನ ಅಧಿಕಾರವಿರಬೇಕು.

ಯೂರೋಪಿನಲ್ಲಿ ಒಂದು ಜನಾಂಗವಿಲ್ಲ, ಒಂದು ಭಾಷೆಯಿಲ್ಲ, ಒಂದು ಪತ್ರಿಕೆಯಿಲ್ಲ, ಆದ್ದರಿಂದ ಅಲ್ಲಿ ಪ್ರಜಾಪ್ರಭುತ್ವ ಸಾಧ್ಯವಿಲ್ಲ ಎಂದು ಜರ್ಮನಿಯ ನ್ಯಾಯಾಧೀಶ ಡೀಟರ್ ಗ್ರಿಮ್ 1995ರಲ್ಲಿ ವಾದಿಸಿದರು. ಮೊದಲು ಜನ ಒಂದಾಗಿ ಆಮೇಲೆ ಪ್ರಜಾಪ್ರಭುತ್ವ ಬರುವುದಲ್ಲ, ಕೂಡಿ ಆಳಿಕೊಳ್ಳುತ್ತಲೇ ಜನ ಒಂದಾಗುತ್ತಾರೆ ಎಂಬುದು ಹಾಬರ್ಮಾಸರ ಉತ್ತರ. ಕನ್ನಡ, ತಮಿಳು, ಬಂಗಾಳಿ, ಹಿಂದಿ ಎಲ್ಲ ನುಡಿಯವರೂ 1951-52ರಿಂದ ಒಂದೇ ಲೋಕಸಭೆಗೆ ಮತ ಹಾಕುತ್ತ ಬಂದ ದೇಶದ ನಾವು ಈ ಜಗಳದಲ್ಲಿ ಹಾಬರ್ಮಾಸರ ಕಡೆಗೆ ನಿಲ್ಲುತ್ತೇವೆ.

ಎಡಪಂಥದಿಂದಲೇ ಬಂದ ಆಕ್ಷೇಪ ಇದಕ್ಕಿಂತ ಗಟ್ಟಿ. ವೋಲ್ಫ್‌ಗಾಂಗ್ ಸ್ಟ್ರೀಕ್ 2013ರಲ್ಲಿ ಹೇಳಿದರು: ಈ ಒಕ್ಕೂಟ ಹುಟ್ಟಿರುವುದೇ ಮಾರುಕಟ್ಟೆಯನ್ನು ಜನರ ಮತದಿಂದ ರಕ್ಷಿಸುವುದಕ್ಕೆ, ಅದನ್ನು ತಿದ್ದುವ ಆಸೆ ಬಿಡಿ, ಉಳಿದಿರುವ ರಾಷ್ಟ್ರದ ಪ್ರಜಾಪ್ರಭುತ್ವವನ್ನಾದರೂ ಕಾಪಾಡಿಕೊಳ್ಳಿ. ಗ್ರೀಸಿನ ರಾತ್ರಿಯನ್ನು ಕಂಡವರು ಈ ಮಾತನ್ನು ತಳ್ಳಿಹಾಕಲಾರರು. ಆದರೆ ಗಡಿಯೊಳಗೆ ಸರಿದರೆ ಬಂಡವಾಳ ಪಳಗುತ್ತದೆಯೆ? ಬ್ರಿಟನ್ನು 2016ರಲ್ಲಿ ಮತ ಹಾಕಿ 2020ರಲ್ಲಿ ಒಕ್ಕೂಟದಿಂದ ಹೊರಬಂತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹೊಸ ಸರ್ಕಾರ ಶ್ರೀಮಂತರ ತೆರಿಗೆ ಇಳಿಸುವ ಯೋಜನೆ ತಂದಿತು. ಸಾಲಪತ್ರಗಳ ಪೇಟೆ ಕುಸಿಯಿತು. ಒಂದು ತಿಂಗಳೊಳಗೆ ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ ಘೋಷಿಸಿದರು. ಆ ಯೋಜನೆಗಾಗಿ ನಾವು ಕಣ್ಣೀರು ಹಾಕುವುದಿಲ್ಲ. ಆದರೆ ಅದನ್ನು ಉರುಳಿಸಿದ್ದು ಜನರ ಮತವಲ್ಲ, ಪೇಟೆ. ನಾಳೆ ಅದೇ ಪೇಟೆ ಬಡವರ ಪರವಾದ ಯೋಜನೆಯನ್ನೂ ಉರುಳಿಸಬಲ್ಲದು. ಗಡಿಯ ಬೇಲಿಯೊಂದೇ ಅದನ್ನು ತಡೆಯಲಾರದು.

ಹಾಗೆಂದು ಹಾಬರ್ಮಾಸರನ್ನು ನಾವು ಪೂರ್ತಿ ಒಪ್ಪಿದೆವೆಂದು ತಿಳಿಯಬಾರದು. 2005ರಲ್ಲಿ ಯೂರೋಪಿನ ಸಂವಿಧಾನದ ಕರಡನ್ನು ಅವರು ಬೆಂಬಲಿಸಿದರು. ಫ್ರಾನ್ಸಿನ ಜನ ಮೇ 29ರಂದು, ಹಾಲೆಂಡಿನ ಜನ ಜೂನ್ 1ರಂದು ಅದನ್ನು ತಿರಸ್ಕರಿಸಿದರು. ಕೂಲಿ ಕುಸಿಯುವ ಭಯದಿಂದ ಫ್ರಾನ್ಸಿನ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ 'ಬೇಡ' ಎಂದಿದ್ದರು. ಆಳುವವರು ಅದರ ಬಹುಪಾಲನ್ನು ಲಿಸ್ಬನ್ ಒಪ್ಪಂದವೆಂಬ ಹೆಸರಿನಲ್ಲಿ ಹಿತ್ತಿಲ ಬಾಗಿಲಿನಿಂದ ತಂದರು. 2009ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಈ ಹಿತ್ತಿಲ ದಾರಿಯನ್ನು ಹಾಬರ್ಮಾಸರೂ ಟೀಕಿಸಿದರು, ನಿಜ. ಆದರೆ ಕೂಲಿಯ ಭದ್ರತೆಯ ಮಾತಿಲ್ಲದ ಸಂವಿಧಾನಕ್ಕೆ ದುಡಿಯುವವನು ಏಕೆ ಕೈ ಎತ್ತಬೇಕೆಂಬ ಪ್ರಶ್ನೆಗೆ ಅವರ ಉತ್ತರ ಸಾಲದು.

ಯುದ್ಧದ ವಿಷಯದಲ್ಲೂ ಅವರ ತಕ್ಕಡಿ ಒಂದೇ ಸಮನಾಗಿರಲಿಲ್ಲ. 2003ರಲ್ಲಿ ಇರಾಕಿನ ಮೇಲಿನ ದಾಳಿಯನ್ನು ವಿರೋಧಿಸಿ ಫ್ರೆಂಚ್ ಚಿಂತಕ ಡೆರಿಡಾ ಜೊತೆ ಸಹಿ ಹಾಕಿದರು. 1999ರಲ್ಲಿ ವಿಶ್ವಸಂಸ್ಥೆಯ ಅನುಮತಿಯಿಲ್ಲದೆ ಯುಗೊಸ್ಲಾವಿಯದ ಮೇಲೆ ನಾಟೋ ಬಾಂಬು ಹಾಕಿದಾಗ ಮಾತ್ರ ಅದನ್ನು ಸಮರ್ಥಿಸಿದ್ದರು. 2023ರ ನವೆಂಬರಿನಲ್ಲಿ ಇಸ್ರೇಲಿನ ಪರವಾಗಿ ಮೂವರು ಸಹೋದ್ಯೋಗಿಗಳೊಡನೆ ಹೊರಡಿಸಿದ ಹೇಳಿಕೆಯಲ್ಲಿ ಗಾಜಾದಲ್ಲಿ ಸಾಯುತ್ತಿದ್ದ ಜನಕ್ಕೆ ಸಿಗಬೇಕಾದ ಸ್ಥಾನ ಸಿಗಲಿಲ್ಲವೆಂದು ಅನೇಕ ವಿದ್ವಾಂಸರು ಬಹಿರಂಗ ಪತ್ರದಲ್ಲಿ ಆಕ್ಷೇಪಿಸಿದರು. ನಮ್ಮ ಅಭಿಪ್ರಾಯವೂ ಅದೇ. ಎಲ್ಲರ ಮಾತನ್ನೂ ಕೇಳಬೇಕೆಂದು ಕಲಿಸಿದವರು ಯೂರೋಪಿನ ಹೊರಗಿನವರ ಮಾತಿಗೆ ಕಿವಿ ಕೊಟ್ಟದ್ದು ಕಡಮೆ.

ನಮ್ಮ ಡಾ. ಲೋಹಿಯಾ 1929ರಲ್ಲಿ, ಹಾಬರ್ಮಾಸರು ಹುಟ್ಟಿದ ವರ್ಷವೇ, ಬರ್ಲಿನ್ನಿಗೆ ಓದಲು ಹೋದವರು. ಹಿಟ್ಲರ್ ಗದ್ದುಗೆ ಏರಿದ 1933ರಲ್ಲಿ ಅಲ್ಲಿಂದ ಹಿಂತಿರುಗಿದವರು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಅವರು ಬಯಸಿದರು. ಐದನೆಯ ಕಂಬವಾಗಿ ಲೋಕದ ಸರ್ಕಾರವನ್ನೂ ಕನಸಿದರು. ಹಾಬರ್ಮಾಸರು ಮೇಲಿನ ಕಂಬದ ವಿಚಾರವನ್ನು ಬಹು ಆಳವಾಗಿ ಮಾಡಿದರು. ಆದರೆ ಕೆಳಗಿನ ಕಂಬಗಳು ಗಟ್ಟಿಯಾಗದೆ ಮೇಲಿನದು ನಿಲ್ಲದು. ಸಂಘವಿಲ್ಲದ ಗಿರಣಿಯಲ್ಲಿ, ಸಭೆ ಸೇರದ ಪೇಟೆಯಲ್ಲಿ, ಲೆಕ್ಕ ಕೇಳದ ಊರಿನಲ್ಲಿ ಪ್ರಜಾಪ್ರಭುತ್ವ ಮೇಲಿನಿಂದ ಮಳೆಯಂತೆ ಸುರಿಯುವುದಿಲ್ಲ.

2020ರಲ್ಲಿ ಸಾಂಕ್ರಾಮಿಕದ ಕಷ್ಟ ಬಂದಾಗ ಯೂರೋಪಿನ ದೇಶಗಳು ಕೂಡಿ 75,000 ಕೋಟಿ ಯೂರೋ ನಿಧಿಗಾಗಿ ಸಾಲ ಎತ್ತಲು ಒಪ್ಪಿದವು. ಐದು ವರ್ಷ ಮೊದಲು ಗ್ರೀಸಿಗೆ ಆಗದು ಎಂದಿದ್ದ ಜರ್ಮನಿಯೂ ಒಪ್ಪಿತು. ಹಾಬರ್ಮಾಸರು ಅದನ್ನು ಸ್ವಾಗತಿಸಿದರು. ಆಗದು ಎಂಬುದು ಅರ್ಥಶಾಸ್ತ್ರದ ನಿಯಮವಾಗಿರಲಿಲ್ಲ, ಅಧಿಕಾರಸ್ಥರ ಇಚ್ಛೆಯಾಗಿತ್ತು ಎಂಬುದು ಇದರಿಂದ ಬಯಲಾಯಿತು. ಗ್ರೀಸಿನ ಮುದುಕರ ಪಿಂಚಣಿ ಕತ್ತರಿಸಿದವರು ಆ ದಿನವೂ ಬೇರೆ ದಾರಿ ಹಿಡಿಯಬಹುದಿತ್ತು.

ಆದುದರಿಂದ ನಮ್ಮ ಓದುಗರಿಗೆ ನಾವು ಹೇಳುವುದು ಇಷ್ಟೇ. ಬೇರೆ ದಾರಿಯೇ ಇಲ್ಲ ಎಂದು ಯಾರಾದರೂ ನಿಮ್ಮ ಮುಂದೆ ಕಾಗದ ಇಟ್ಟರೆ, ಅವರು ಧಣಿಯಾಗಲಿ, ಮಂತ್ರಿಯಾಗಲಿ, ನಮ್ಮದೇ ಪಕ್ಷದ ಮುಖಂಡರಾಗಲಿ, ಮೂರು ಪ್ರಶ್ನೆ ಕೇಳಿರಿ. ಇದನ್ನು ತೀರ್ಮಾನಿಸಿದವರು ಯಾರು? ಎಲ್ಲಿ ಕೂತು ತೀರ್ಮಾನಿಸಿದರು? ಇದರ ಭಾರ ಹೊರುವವರಲ್ಲಿ ಎಷ್ಟು ಮಂದಿ ಆ ಕೋಣೆಯಲ್ಲಿದ್ದರು? ಉತ್ತರ ಬರುವ ತನಕ ಸಹಿ ಹಾಕಬೇಡಿರಿ.